ಗಣೆಯ ನಾದ, ಗೋಮಾಳದ ಹುಲ್ಲು



ಕಲೆಯು ಬದುಕಿನಿಂದ ಬೇರೆಯಾದುದೆಂಬ ಭಾವನೆ ಮಧುಗಿರಿ, ಶಿರಾ, ಪಾವಗಡದ ಬಯಲುಸೀಮೆಗೆ ಹೊಸತು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ನೆಲೆಯಿದೆ. ಕಾಡುಗೊಲ್ಲರ ಈ ವೀರನು ದನಗಳನ್ನು ಕಾಯ್ದವನು, ಆರಾಧ್ಯದೈವವಾದವನು. ಆತನ ಕಾವ್ಯವನ್ನು ಹಾಡುವವರು ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುತ್ತಾರೆ. ಅವರಿಗೆ ಪ್ರತ್ಯೇಕ ವೇದಿಕೆ ಬೇಕಿಲ್ಲ, ಹಟ್ಟಿಯೇ ಸಭೆ. ಹಾಡುವವನೂ ಕೇಳುವವನೂ ಬೆಳಗಾದರೆ ಒಂದೇ ಹುಲ್ಲುಗಾವಲಿಗೆ ದನ ಹೊಡೆಯುವವರು.

ಆ ಹುಲ್ಲುಗಾವಲಿನ ಸ್ಥಿತಿಯೇನು? ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಘೋಷಿತವಾಯಿತು. ಜಿಂಕೆಗೆ ಹುಲ್ಲು ಬೇಕೆಂಬುದನ್ನು ಸರ್ಕಾರ ಒಪ್ಪಿತು. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯನ್ನು ಸೌರ ಉದ್ಯಾನ ಆವರಿಸಿತು. ಬರದಿಂದ ಬೆಂದ ರೈತರಿಗೆ ಗುತ್ತಿಗೆಯ ಹಣ ಆಸರೆಯಾದುದು ನಿಜ. ಆದರೆ ಪರರ ಬೀಳುಭೂಮಿಯಲ್ಲಿ ಕುರಿ, ದನ ಮೇಯಿಸುತ್ತಿದ್ದ ಭೂರಹಿತನಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ.

ಹಾಡನ್ನು ಧ್ವನಿಮುದ್ರಿಸಿ ಕಪಾಟಿನಲ್ಲಿಡಬಹುದು. ದನವಿಲ್ಲದ ಹಟ್ಟಿಯಲ್ಲಿ ಅದನ್ನು ಯಾರು, ಯಾವ ಹರಕೆಗಾಗಿ ಹಾಡಬೇಕು?

2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಬಯಸುತ್ತದೆ. ಸಮಿತಿಯು ಸಿದ್ಧಪಡಿಸುವ ಜನತಾ ದಾಖಲೆಯಲ್ಲಿ ಸ್ಥಳೀಯರ ಪರಂಪರಾಗತ ಜ್ಞಾನಕ್ಕೂ ಸ್ಥಾನವಿದೆ. ಹುಲ್ಲಿನ ಹೆಸರು ಬರೆಯುವಾಗ ಹಾಡುಗಾರರನ್ನೂ ಕೂರಿಸಿಕೊಳ್ಳಲಿ. ಹಾಡಿನಲ್ಲಿ ಬರುವ ಕಟ್ಟೆ, ಕಾವಲು, ಗುಡ್ಡೆಗಳು ಹೆಸರುಸಹಿತ ದಾಖಲಾಗಲಿ. ಗೋಮಾಳವನ್ನು ಯಾರಾದರೂ ಬಂಜರೆಂದು ಕರೆದ ದಿನ, ಗ್ರಾಮಸಭೆಯ ಮುಂದಿಡಲು ಊರಿನ ಕೈಯಲ್ಲೊಂದು ಉತ್ತರವಿರುತ್ತದೆ.