ಊರ ಭವನದ ಜೀರ್ಣೋದ್ಧಾರ: ಸೋಗಾನೆಯಲ್ಲಿ ಮಾಡಿದ ಭಾಷಣ



ಹಳ್ಳಿಯ ಸಮುದಾಯ ಭವನದ ಜೀರ್ಣೋದ್ಧಾರವನ್ನೂ ಅದಕ್ಕಾಗಿ ಹಣ ಕೂಡಿಸುವ ಬಗೆಯನ್ನೂ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ವಕೀಲನು, ಗಾರೆಯ ಕೆಲಸ ಬಲ್ಲವನಲ್ಲ. ಆದರೆ ಒಂದಾಗಿ ಸೂರು ಕಟ್ಟಿದ ಊರವರು ಇಬ್ಬಾಗವಾಗಿ ನ್ಯಾಯಾಲಯದ ಮೆಟ್ಟಿಲೇರುವುದನ್ನು ಕಂಡಿರುವೆನಾದುದರಿಂದ, ಈ ವಿಷಯದಲ್ಲಿ ಹೇಳತಕ್ಕುದು ನನ್ನಲ್ಲಿಯೂ ಸ್ವಲ್ಪ ಇದೆ.

ಸೋಗಾನೆಯ ಹೆಸರನ್ನು ಈಗ ನಾಡೆಲ್ಲ ಬಲ್ಲದು. 2023ನೆಯ ಇಸವಿಯ ಫೆಬ್ರವರಿ 27ರಂದು ಇಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲನೆಯ ಪ್ರಯಾಣಿಕ ವಿಮಾನವು ಬಂದಿಳಿಯಿತು. ಸುಮಾರು 450 ಕೋಟಿ ರೂಪಾಯಿಗಳ ವೆಚ್ಚ. 3,200 ಮೀಟರು ಉದ್ದದ ಓಡುದಾರಿ. ಗಂಟೆಗೆ 300 ಪ್ರಯಾಣಿಕರನ್ನು ಸಾಗಿಸಬಲ್ಲ ಕಮಲಾಕಾರದ ಮಂದಿರ. ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರು. ಇದು ಹೆಮ್ಮೆಯ ವಿಷಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ಕಟ್ಟಡದ ಚಾವಣಿ ಸೋರಿದರೆ ಸರಕಾರವಿದೆ, ಎಂಜಿನಿಯರರಿದ್ದಾರೆ. ಊರ ಭವನದ ಚಾವಣಿ ಸೋರಿದರೆ ಯಾರಿದ್ದಾರೆ? ಇದೇ ಇಂದಿನ ಪ್ರಶ್ನೆ.

ಇದು ಬರಿಯ ಹಂಚಿನ ಪ್ರಶ್ನೆಯೂ ಅಲ್ಲ. ನಿಲ್ದಾಣಕ್ಕಾಗಿ ಈ ಸೀಮೆಯ ರೈತರು ಭೂಮಿಯನ್ನು ಬಿಟ್ಟುಕೊಟ್ಟಿದ್ದಾರೆ. ಇಂಥ ದೊಡ್ಡ ಕಾರ್ಯವು ಬಂದ ಊರಿಗೆ ನೋಟೀಸುಗಳು ಬರುತ್ತವೆ, ನಕ್ಷೆಗಳು ಬರುತ್ತವೆ, ಭೂಮಿ ಕೊಳ್ಳುವವರು ಬರುತ್ತಾರೆ. ನೋಟೀಸನ್ನು ಒಬ್ಬೊಬ್ಬನೇ ತನ್ನ ಜಗಲಿಯಲ್ಲಿ ಓದಿಕೊಂಡರೆ ಒಬ್ಬೊಬ್ಬನಾಗಿಯೇ ಹೆದರುವನು, ಒಬ್ಬೊಬ್ಬನಾಗಿಯೇ ರುಜು ಹಾಕುವನು. ಎಲ್ಲರೂ ಒಂದೆಡೆ ಕುಳಿತು, ಓದಬಲ್ಲವರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ ಪ್ರಶ್ನಿಸುವುದಾದರೆ ಸಂಗತಿಯೇ ಬೇರೆ. 1993ರ ಪಂಚಾಯತಿ ಕಾನೂನು ಗ್ರಾಮಸಭೆಯನ್ನು ಕೊಟ್ಟಿತು; ಸಭೆ ಸೇರಲು ಸೂರನ್ನು ನಾವೇ ಉಳಿಸಿಕೊಳ್ಳಬೇಕು. ದೇವಾಲಯದ ಮಂಟಪವಿದೆಯಲ್ಲ ಎಂದರೆ, ಅಲ್ಲಿ ಎಲ್ಲರೂ ಸರಿಸಮನಾಗಿ ಕೂರುವರೆಂದು ಎದೆ ಮುಟ್ಟಿ ಹೇಳಬಲ್ಲಿರಾ? ಶ್ರೀಮಂತರ ಜಗಲಿಯಿದೆ ಎಂದರೆ, ಅಲ್ಲಿ ಹೆಂಗಸರು ಬಾಯಿ ಬಿಡುವುದುಂಟೆ? ಯಾರ ಮನೆಯೂ ಅಲ್ಲದ, ಎಲ್ಲರ ಮನೆಯಾದ ಜಾಗವೊಂದು ಬೇಕು.

ಇನ್ನು ದುರಸ್ತಿಯ ಮಾತು. ನಮ್ಮ ಹಳ್ಳಿಗಳಲ್ಲಿ ಜೀರ್ಣೋದ್ಧಾರವೆಂದರೆ ಮೊದಲು ಬಣ್ಣ, ಆಮೇಲೆ ಮಹಾದ್ವಾರ, ಕಟ್ಟಕಡೆಗೆ ಚಾವಣಿ. ಮಲೆನಾಡಿನ ಮಗ್ಗುಲಿನಲ್ಲಿ ವಾಸಿಸುವವರು ಹೀಗೆ ಮಾಡುವುದು ನನಗೆ ಸೋಜಿಗವಾಗಿ ತೋರುತ್ತದೆ. ಸೋರುವ ಮಾಡಿನ ಕೆಳಗಿನ ಬಣ್ಣವು ಒಂದು ಮಳೆಗಾಲಕ್ಕೂ ಬಾಳದು. ಮಂಗಳೂರು ಹಂಚಿನ ಮಾಡಾಗಿದ್ದರೆ ಹಂಚನ್ನೆಲ್ಲ ಇಳಿಸಿ, ಪಾಚಿ ತೊಳೆದು, ಒಡೆದುದನ್ನು ಬೇರ್ಪಡಿಸಿ, ಗೆದ್ದಲು ತಿಂದ ಪಕಾಸು ರೀಪುಗಳನ್ನು ಬದಲಾಯಿಸಿ, ನೆತ್ತಿಯ ಹಂಚುಗಳನ್ನು ಗಾರೆಯಿಂದ ಬಿಗಿಯಬೇಕು. ಕಾಂಕ್ರೀಟು ತಾರಸಿಯಾಗಿದ್ದರೆ ನೀರು ನಿಲ್ಲದಂತೆ ಇಳಿಜಾರನ್ನು ಸರಿಪಡಿಸಿ ಬಿರುಕು ಮುಚ್ಚಬೇಕು. ಅನಂತರ ಗೋಡೆಯ ಗಿಲಾವು, ಆಮೇಲೆ ನೆಲ, ಕೊನೆಗೆ ಬಣ್ಣ. ಇದೆಲ್ಲವೂ ಸಂಕ್ರಾಂತಿಗೆ ತೊಡಗಿ ಮುಂಗಾರಿಗೆ ಮುಂಚೆ ಮುಗಿಯತಕ್ಕುದು. ಹೆಂಗಸರಿಗೆ ಶೌಚಾಲಯವಿಲ್ಲದ ಭವನವು ಅರ್ಧ ಊರಿಗೆ ಮಾತ್ರ ಭವನವೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆನು. ಮಹಾದ್ವಾರಕ್ಕೆಂದು ಎತ್ತಿಟ್ಟ ಹಣ ಯಾವುದಾದರೂ ಇದ್ದರೆ ಅದಕ್ಕೆ ಹೋಗಲಿ.

ಹಣ ಕೂಡಿಸುವುದು ಹೇಗೆ? ನಾಟಕ ಕಂಪನಿಗಳು ಶಾಲೆಗೋ ದೇಗುಲಕ್ಕೋ ಒಂದು ರಾತ್ರಿಯ ಉತ್ಪನ್ನವನ್ನು ಬಿಟ್ಟುಕೊಡುತ್ತಿದ್ದ ಕಾಲವಿತ್ತು. ಸಹಾಯಾರ್ಥ ಯಕ್ಷಗಾನವು ನಮ್ಮ ಜಿಲ್ಲೆಗೆ ಹೊಸದಲ್ಲ. ದೇವರ ಪ್ರಸಾದದ ಹಣ್ಣುಗಳ ಸವಾಲು, ತರುಣರ ಕಬಡ್ಡಿ ಪಂದ್ಯ, ಇವೂ ಇವೆ. ಇವೆಲ್ಲ ನಡೆಯಲಿ. ಆದರೆ ಲೆಕ್ಕವನ್ನು ಒಮ್ಮೆ ಹಾಕಿ ನೋಡಿರಿ. 100 ರೂಪಾಯಿಯ ಟಿಕೀಟು 400 ಮಾರಿದವೆಂದು ಎಣಿಸೋಣ, ಬಂದದ್ದು 40,000. ಶಾಮಿಯಾನ, ಧ್ವನಿವರ್ಧಕಕ್ಕೆ 12,000, ಕಲಾವಿದರ ಸಂಭಾವನೆ 15,000, ಊಟೋಪಚಾರ 5,000, ಫ್ಲೆಕ್ಸು, ಹಾರ, ಶಾಲು, ನೆನಪಿನ ಕಾಣಿಕೆಗಳಿಗೆ 6,000. ಉಳಿದದ್ದು 2,000! ಅತಿಥಿಗಳ ಹೆಗಲ ಮೇಲಿನ ಶಾಲುಗಳು ಬೆಚ್ಚಗಿದ್ದವು. ಭವನ ಮಾತ್ರ ನೆನೆಯುತ್ತಲೇ ಇತ್ತು.

ಇದಕ್ಕೆ ಬದಲು 200 ಮನೆಗಳು ವಾರಕ್ಕೆ ಹತ್ತು ಹತ್ತು ರೂಪಾಯಿ ಕೊಡುವುದಾದರೆ ಅದೇ 2,000 ಒಂದೇ ವಾರದಲ್ಲಿ ಕೂಡುತ್ತದೆ, ವರುಷಕ್ಕೆ 1,04,000. ಇದು ನಾನು ಕಂಡುಹಿಡಿದ ಉಪಾಯವಲ್ಲ. ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿಯನ್ನು ಬೇರೆ ಮಡಕೆಗೆ ಹಾಕಿ ಮಠಕ್ಕೂ ಶಾಲೆಗೂ ಕೊಡುತ್ತಿದ್ದ ತಾಯಂದಿರ ಲೆಕ್ಕವೇ ಇದು. ಹತ್ತು ರೂಪಾಯಿ ಕೊಟ್ಟವಳು ಹಂಚು ಒಡೆದಾಗ ಕೇಳುತ್ತಾಳೆ. ಯಾರೂ ಕೊಡದ ಭವನವನ್ನು ಯಾರೂ ಕೇಳುವುದಿಲ್ಲ. ಶಾಸಕರ ನಿಧಿ ಬಂದರೆ ಬೇಡವೆನ್ನತಕ್ಕುದಲ್ಲ. ಅದೂ ನಮ್ಮ ತೆರಿಗೆಯ ಹಣವೇ. ಅದು ಬರುವವರೆಗೆ ಕೈಕಟ್ಟಿ ಕೂರುವುದೊಂದು ಬೇಡ.

ಹಾಗಾದರೆ ನಾಟಕ ಬೇಡವೇ ಎಂದು ಉಪಾಧ್ಯಾಯ ಮಿತ್ರರು ಕೇಳಬಹುದು. ಬೇಕು, ಹಣಕ್ಕಿಂತ ಹೆಚ್ಚಾಗಿ ಜನಕ್ಕಾಗಿ ಬೇಕು. ನಮ್ಮದೇ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡನ್ನು ನೋಡಿರಿ. 1949ರಲ್ಲಿ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಹುಟ್ಟಿತು. ಅಡಕೆ ತೋಟಗಳ ನಡುವಣ ಚಿಕ್ಕ ಹಳ್ಳಿ, ಹವ್ಯಾಸಿಗಳ ಆಟ. ಶಿವರಾಮ ಕಾರಂತರ ಹೆಸರಿನ ರಂಗಮಂದಿರವು ಎದ್ದುದು 1972ರಲ್ಲಿ. ಮೊದಲು ಕೆಲಸ ನಡೆಯಿತು, 23 ವರುಷಗಳ ಮೇಲೆ ಕಟ್ಟಡ ಬಂದಿತು! 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ತಿರುಗುವ ‘ತಿರುಗಾಟ’, 1991ರಲ್ಲಿ ಕೆ. ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ನಮ್ಮಲ್ಲಿ ಕ್ರಮವು ತಲೆಕೆಳಗು. ಮೊದಲು ಕಟ್ಟಡ, ಅದಕ್ಕೊಂದು ಶಿಲಾಫಲಕ, ಫಲಕದ ಪಕ್ಕದಲ್ಲಿ ಬೀಗ. ಬೀಗ ಹಾಕಿದ ಮನೆಗೆ ಗೆದ್ದಲು ಹಿಡಿಯುವಷ್ಟು ಬೇಗ ಬಳಸುವ ಮನೆಗೆ ಹಿಡಿಯದು. ಆದುದರಿಂದ ದುರಸ್ತಿ ಮುಗಿಯಲೆಂದು ಕಾಯದೆ, ಮಕ್ಕಳ ನಾಟಕವೊಂದನ್ನು ಆ ಸೋರುವ ಮಾಡಿನ ಕೆಳಗೇ ಆಡಿಸಿರಿ. ಅತಿಥಿಗಳು ಬೇಡ, ಶಾಲು ಬೇಡ. ತಲೆಯೆತ್ತಿ ನೋಡಿದವರಿಗೆ ಆಕಾಶ ಕಂಡರೆ ವಂತಿಗೆಯ ಪಟ್ಟಿ ತಾನಾಗಿ ಬೆಳೆಯುವುದು.

ಈಗ ನನ್ನ ಕಸಬಿನ ಮಾತು. ಒಂದು ಹಳ್ಳಿಯಲ್ಲಿ, ಹೆಸರು ಬೇಡ, ಧರ್ಮಿಷ್ಠರೊಬ್ಬರು ಹತ್ತು ಜನರೆದುರು ‘ಈ ಜಾಗ ಊರಿಗೆ’ ಎಂದು ಬಾಯಿಮಾತಿನಲ್ಲಿ ಕೊಟ್ಟರು. ಊರವರು ಭವನ ಕಟ್ಟಿದರು. ಅವರು ತೀರಿಕೊಂಡ ಮೇಲೆ ಜಾಗದ ಬೆಲೆ ಏರಿತು. ಮಕ್ಕಳು ದಾವೆ ಹೂಡಿದರು. 1882ರ ಸ್ವತ್ತು ವರ್ಗಾವಣೆಯ ಕಾನೂನಿನ ಮೇರೆಗೆ ಸ್ಥಿರಸ್ವತ್ತಿನ ದಾನವು ಬರೆಹದಲ್ಲಿರಬೇಕು, ದಾನಿಯ ರುಜುವಿರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು, ನೋಂದಣಿಯಾಗಿರಬೇಕು. ನಿಲ್ದಾಣದ ನೆರೆಯಲ್ಲಿರುವ ಊರಿಗೆ ಭೂಮಿಯ ಬೆಲೆಯ ವಿಷಯ ನಾನು ಹೇಳಬೇಕಾಗಿಲ್ಲ. ಚಾವಣಿಗೆ ಕೈ ಹಾಕುವ ಮೊದಲು ನೆಲ ಯಾರದೆಂದು ನೋಡಿಕೊಳ್ಳಿರಿ.

ದೂರದ ಊರುಗಳಲ್ಲಿರುವ ಮಕ್ಕಳೂ ಹಣ ಕಳುಹಿಸಿಯಾರು. ಅದು ಸಮಿತಿಯ ಬ್ಯಾಂಕು ಖಾತೆಗೇ ಬರಲಿ, ಕಾರ್ಯದರ್ಶಿಯ ಸ್ವಂತ ಖಾತೆಗೆ ಬೇಡ. ಹೊರದೇಶದ ಪೌರತ್ವ ಪಡೆದವರ ದಾನವನ್ನು 2010ರ ವಿದೇಶೀ ವಂತಿಗೆಯ ಕಾನೂನಿನ ನೋಂದಣಿಯಾಗಲಿ ಅನುಮತಿಯಾಗಲಿ ಇಲ್ಲದೆ ಮುಟ್ಟಕೂಡದು. ಅವರು ನಮ್ಮೂರಿನಲ್ಲೇ ಹುಟ್ಟಿದವರಾದರೂ ಸರಿಯೇ. ತಿಂಗಳ ಜಮಾಖರ್ಚನ್ನು ಭವನದ ಬಾಗಿಲಿಗೆ ಅಂಟಿಸಿರಿ. ದಾನಿಗಳ ಹೆಸರುಗಳು ಅಕ್ಷರಾನುಕ್ರಮದಲ್ಲಿರಲಿ, ಮೊತ್ತದ ಅನುಕ್ರಮದಲ್ಲಿ ಬೇಡ. ಲೆಕ್ಕ ಬರೆಯುವ ಕೆಲಸವನ್ನು ಉಪಾಧ್ಯಾಯರು ವಹಿಸಿಕೊಂಡರೆ ಚೆನ್ನು, ಹಣವು ಮಾತ್ರ ಇನ್ನೊಬ್ಬರ ಕೈಯಲ್ಲಿರಲಿ. ಇದು ಅಪನಂಬಿಕೆಯಲ್ಲ, ಸಜ್ಜನರ ಮರ್ಯಾದೆಗೆ ಕಾವಲು.

ಜಾಗದ ಪಹಣಿಯ ಪ್ರತಿಯನ್ನೂ ಅಳತೆಯ ನಕ್ಷೆಯನ್ನೂ ಯಾರಾದರೂ ಈ ವಾರದಲ್ಲಿ ನನಗೆ ತಲುಪಿಸಿದರೆ, ಬೇಕಾದ ಪತ್ರಗಳ ಕರಡನ್ನು ಬರೆದುಕೊಡುವೆನು. ಅದಕ್ಕೆ ಫೀಜಿಲ್ಲ. ಛಾಪಾ ಕಾಗದದ ಮತ್ತು ನೋಂದಣಿಯ ಖರ್ಚನ್ನು ವಂತಿಗೆಯ ಪುಸ್ತಕದ ಮೊದಲನೆಯ ಪುಟದಲ್ಲಿಯೇ ಬರೆದಿಡಿರಿ.