ಮಗುವಿಗೆ ‘ರಿಝ್’ ಎಂದು ಹೆಸರಿಡಬಹುದೇ?

(ಜುಮಾ ಖುತ್ಬಾದ ಸಾರಾಂಶ)

 



ಕೆಲವು ವಾರಗಳ ಹಿಂದೆ ನಮ್ಮ ಜಮಾಅತಿನ ಯುವಕನೊಬ್ಬ ಅಸರ್ ನಮಾಝ್ ಮುಗಿಸಿ ನನ್ನ ಬಳಿ ಬಂದು ಕುಳಿತ. ಗಂಡು ಮಗು ಹುಟ್ಟಿ ಐದು ದಿನವಾಗಿತ್ತು. ಏಳನೇ ದಿನಕ್ಕೆ ಅಕೀಕಾ. “ಉಸ್ತಾದರೇ, ಹೆಸರು ‘ರಿಝ್’ ಅಂತ ಇಡೋಣ ಎಂದಿದ್ದೇವೆ. ಚಿಕ್ಕದು, ಕರೆಯಲು ಸುಲಭ, ಕ್ಲಾಸಿನಲ್ಲಿ ಇನ್ನೊಬ್ಬರಿಗೆ ಇರುವುದಿಲ್ಲ. ಆದರೆ ಉಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ” ಎಂದ. ಉಮ್ಮನ ಆಸೆ ತೀರಿಹೋದ ಅಜ್ಜನ ಹೆಸರು ಇಡಬೇಕೆಂದು. ಅಜ್ಜನ ಹೆಸರು ಮೊಯಿದಿನ್. ಅದು ಹಳೆಯ ಕಾಲದ್ದು ಎಂಬುದು ಇವನ ವಾದ.

‘ರಿಝ್’ ಎಂದರೆ ಏನು ಎಂದು ಕೇಳಿದೆ. ಮೊಬೈಲಿನಲ್ಲಿ ‘ಅರಬಿ ಹೆಸರು, ಅರ್ಥ ಭಾಗ್ಯವಂತ’ ಎಂದು ನೋಡಿದ್ದನಂತೆ. ನನಗೆ ನಗು ತಡೆಯಲಾಗಲಿಲ್ಲ. ಗಲ್ಫಿನಲ್ಲಿ ದುಡಿದು ಬಂದವರು ಈ ಸಫ್‌ಗಳಲ್ಲಿ ಎಷ್ಟೋ ಮಂದಿ ಇದ್ದೀರಿ, ನಿಮಗೆ ಗೊತ್ತು: ಅರಬಿಯಲ್ಲಿ ‘ರುಝ್’ ಎಂದರೆ ಅಕ್ಕಿ, ಅನ್ನ. ಸಿರಿಯಾ, ಲೆಬನಾನ್ ಕಡೆಯವರ ಬಾಯಲ್ಲಿ ಅದೇ ‘ರಿಝ್’ ಆಗುತ್ತದೆ. ಹೋಟೆಲಿನಲ್ಲಿ ಮಾಣಿ “ರಿಝ್” ಎಂದು ಕೂಗಿದರೆ ಈ ಮಗು ಎದ್ದು ನಿಲ್ಲಬೇಕಾಗುತ್ತದೆ!

ಆದರೆ ಆ ಹೆಸರು ನಿಜವಾಗಿ ಬಂದದ್ದು ಅರಬಿಯಿಂದಲ್ಲ. ಅದು ಇಂಗ್ಲಿಷ್ ಹುಡುಗರ ಬೀದಿಮಾತು. ‘ಕರಿಸ್ಮಾ’ ಎಂಬ ಪದದ ನಡುವಿನ ತುಂಡು. ಹೆಣ್ಣನ್ನೋ ಗಂಡನ್ನೋ ಮಾತಿನಿಂದ ಮರುಳು ಮಾಡಿ ಒಲಿಸಿಕೊಳ್ಳುವ ಚಾತುರ್ಯಕ್ಕೆ ಅವರು ಹಾಗೆನ್ನುತ್ತಾರೆ. 2023ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ವರ್ಷದ ಪದವೆಂದು ಆರಿಸಿತು. ಆಗ ಊರೂರಿಗೆ ಗೊತ್ತಾಯಿತು. ನಮ್ಮ ಯುವಕನಿಗೆ ಇದು ತಿಳಿದಿರಲಿಲ್ಲ. ಅವನ ಪಿಯುಸಿ ಓದುವ ತಮ್ಮನಿಗೆ ತಿಳಿದಿತ್ತು, ಹೆಸರು ಸೂಚಿಸಿದವನೂ ಅವನೇ.

ಬೀದಿಮಾತು ಹೆಸರಾಗುವುದು ಹೊಸದೇನಲ್ಲ. ಅಮೆರಿಕದಲ್ಲಿ ‘ಮ್ಯಾವರಿಕ್’ ಎಂಬ ಗಂಡು ಹೆಸರು ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಸರಕಾರ ಪ್ರಕಟಿಸುವ ಪಟ್ಟಿಯಲ್ಲಿ ಮೊದಲ 50ರೊಳಗೆ ಬಂದಿದೆ. ಅದರ ಮೂಲ ಟೆಕ್ಸಾಸಿನ ಸ್ಯಾಮ್ಯುಯೆಲ್ ಮ್ಯಾವರಿಕ್ (1803–1870) ಎಂಬ ಭೂಮಾಲಿಕ. ಅವನು ತನ್ನ ದನಗಳಿಗೆ ಬರೆ ಹಾಕಿ ಗುರುತು ಮಾಡಿಸಲಿಲ್ಲ. ಹಾಗಾಗಿ ಗುರುತಿಲ್ಲದೆ ಅಲೆಯುವ ಕರುವನ್ನೆಲ್ಲ ಜನ ‘ಮ್ಯಾವರಿಕ್’ ಎನ್ನತೊಡಗಿದರು. ಆಮೇಲೆ ಯಾರ ಮಾತೂ ಕೇಳದ ಮನುಷ್ಯನಿಗೆ ಆ ಪದ ಅಂಟಿತು. 1986ರಲ್ಲಿ ಒಂದು ಸಿನೆಮಾದ ವಿಮಾನ ಚಾಲಕನಿಗೆ ಅದೇ ಅಡ್ಡಹೆಸರು. ಈಗ ತೊಟ್ಟಿಲಿನ ಮಗುವಿಗೆ. ಒಂದೇ ಪದ ಕರುವಾಗಿ, ಹಟಮಾರಿಯಾಗಿ, ವೀರನಾಗಿ ಬದಲಾಯಿತು. ಇಂದಿನ ಬೀದಿಮಾತು ಇನ್ನು ಇಪ್ಪತ್ತು ವರ್ಷಕ್ಕೆ ಯಾವ ಅರ್ಥ ಹೊತ್ತಿರುತ್ತದೆಂದು ಯಾರಿಗೆ ಗೊತ್ತು? ಅಷ್ಟರಲ್ಲಿ ಮಗ ಕೆಲಸದ ಸಂದರ್ಶನಕ್ಕೆ ಕುಳಿತಿರುತ್ತಾನೆ. ಪದ ಎಲ್ಲಿಗೆ ಹೋದರೂ ಅವನು ಅದರ ಜೊತೆಗೇ ಹೋಗಬೇಕು.

ಹಾಗಂತ ಜನರ ಬಾಯಿಂದ ಬಂದ ಹೆಸರೆಲ್ಲ ಕೆಟ್ಟದು ಎಂದು ನಾನು ಹೇಳುತ್ತಿಲ್ಲ. ಕೋಲಾರ, ಬೆಂಗಳೂರು ಕಡೆ ‘ಪ್ಯಾರೇಜಾನ್’ ಎಂಬ ಹಿರಿಯರನ್ನು ನೋಡಿದ್ದೀರಿ. ತಾಯಿ ಮುದ್ದಿನಿಂದ ಕರೆದದ್ದೇ ಹೆಸರಾಗಿ ನಿಂತಿತು. ಕೇಳಿದರೆ ಈಗಲೂ ಮನಸ್ಸು ತಂಪಾಗುತ್ತದೆ. ನಮ್ಮ ಕರಾವಳಿಯ ಮೊಯಿದಿನ್ ಕೂಡ ‘ಮುಹಿಯುದ್ದೀನ್’ ಎಂಬುದು ನಾಲಿಗೆಯಲ್ಲಿ ಸವೆದು ಆದದ್ದೇ. ‘ದೀನನ್ನು ಜೀವಂತಗೊಳಿಸುವವನು’ ಎಂದು ಅದರರ್ಥ. ಹಳೆಯದು ಎಂದು ತಳ್ಳುವ ಮುಂಚೆ ಆ ಯುವಕನಿಗೆ ಇದು ಗೊತ್ತಿರಬೇಕಿತ್ತು. ಹೇಳಿಕೊಡಬೇಕಾದವರು ನಾವು, ತಪ್ಪು ಅವನದೊಬ್ಬನದೇ ಅಲ್ಲ.

ಅಡ್ಡಹೆಸರೂ ಗೌರವದ್ದಾಗಬಹುದು. ಅಲಿ(ರ) ಒಮ್ಮೆ ಮನೆಯಲ್ಲಿ ಸ್ವಲ್ಪ ಬೇಸರವಾಗಿ ಮಸೀದಿಗೆ ಬಂದು ಮಲಗಿದ್ದರು. ಮೈಮೇಲೆಲ್ಲ ಮಣ್ಣು. ಪ್ರವಾದಿವರ್ಯರು(ಸ) ಬಂದು ಕೈಯಾರೆ ಆ ಮಣ್ಣನ್ನು ಒರೆಸುತ್ತಾ ‘ಅಬೂ ತುರಾಬ್’, ಅಂದರೆ ಮಣ್ಣಿನವ, ಎಂದು ಕರೆದು ಎಬ್ಬಿಸಿದರು. ಅಲಿಯವರಿಗೆ ಅದಕ್ಕಿಂತ ಪ್ರಿಯವಾದ ಹೆಸರು ಬೇರೆ ಇರಲಿಲ್ಲ ಎಂದು ಬುಖಾರಿಯಲ್ಲಿದೆ. ಇನ್ನೊಬ್ಬರು ಸಫೀನಾ(ರ). ಪ್ರಯಾಣದಲ್ಲಿ ಎಲ್ಲರ ಹೊರೆ ಹೊತ್ತು ನಡೆದಾಗ ಪ್ರವಾದಿಯವರು ಅವರನ್ನು ಹಡಗು ಎಂದರು. ನಿಮ್ಮ ನಿಜವಾದ ಹೆಸರೇನು ಎಂದು ಆಮೇಲೆ ಯಾರೋ ಕೇಳಿದರೆ ಅವರು ಹೇಳಲೇ ಇಲ್ಲ. ಪ್ರವಾದಿಯವರು ಕೊಟ್ಟದ್ದೇ ತನಗೆ ಸಾಕು ಎಂದರು.

ಅದೇ ಪ್ರವಾದಿವರ್ಯರು(ಸ) ನೋಯಿಸುವ ಹೆಸರುಗಳನ್ನು ಉಳಿಯಗೊಡಲಿಲ್ಲ. ಉಮರ್(ರ)ರ ಮಗಳಿಗೆ ‘ಆಸಿಯಾ’ ಎಂಬ ಹೆಸರಿತ್ತು, ಅವಿಧೇಯಳು ಎಂಬ ಅರ್ಥದ್ದು. (ಫಿರ್‌ಔನನ ಪತ್ನಿ ಆಸಿಯಾರ ಹೆಸರು ಬೇರೆ, ಅದರ ಅಕ್ಷರಗಳೂ ಬೇರೆ. ಮನೆಯಲ್ಲಿ ಆಸಿಯಾ ಇರುವವರು ಗಾಬರಿಪಡಬೇಡಿ.) ಅದನ್ನು ಜಮೀಲಾ ಎಂದು ಬದಲಾಯಿಸಿದರು. ಹಝ್ನ್ ಎಂಬವರ ಹೆಸರಿನ ಅರ್ಥ ಒರಟು ನೆಲ. ಪ್ರವಾದಿಯವರು ‘ಸಹ್ಲ್’, ಅಂದರೆ ಮೃದು, ಎಂದಿಟ್ಟುಕೊಳ್ಳಲು ಸೂಚಿಸಿದಾಗ, ತಂದೆ ಇಟ್ಟ ಹೆಸರು ಬಿಡಲಾರೆ ಎಂದರು. ಬಲವಂತ ಮಾಡಲಿಲ್ಲ. ಅವರ ಮೊಮ್ಮಗ, ಮದೀನಾದ ಮಹಾ ವಿದ್ವಾಂಸ ಸಈದ್ ಬಿನ್ ಮುಸಯ್ಯಬ್, ಆ ಒರಟುತನ ನಮ್ಮ ಮನೆತನದಲ್ಲಿ ಉಳಿದುಬಿಟ್ಟಿತು ಎಂದು ನೊಂದುಕೊಳ್ಳುತ್ತಿದ್ದರು.

ಅಡ್ಡಹೆಸರಿನಿಂದ ಒಬ್ಬರನ್ನೊಬ್ಬರು ಚುಚ್ಚುವುದನ್ನು ಸೂರಃ ಅಲ್ ಹುಜುರಾತ್ ತಡೆದಿದೆ. ನಾವು ಆ ಆಯತ್ತನ್ನು ಬೀದಿಯ ಪೋಕರಿಗಳಿಗೆ ಓದಿ ಹೇಳುತ್ತೇವೆ. ಶಾಲೆಯಲ್ಲಿ ಹತ್ತು ವರ್ಷ ಗೇಲಿಗೆ ಸಿಗುವ ಪದವನ್ನು ತಂದೆಯೇ ಜನನ ಪತ್ರದಲ್ಲಿ ಬರೆಸಿದರೆ ಅವನಿಗೆ ಓದಿ ಹೇಳುವವರು ಯಾರು?

ಇನ್ನೊಂದು ಮಾತು. ಏಳನೇ ದಿನದ ಗಡಿಬಿಡಿಯಲ್ಲಿ, ಇಪ್ಪತ್ತೊಂದು ದಿನದೊಳಗೆ ಜನನ ನೋಂದಣಿ ಆಗಬೇಕೆಂಬ ಅವಸರದಲ್ಲಿ ಏನೋ ಒಂದು ಹೆಸರು ಬರೆಸುವವರಿದ್ದಾರೆ. ಏಳನೇ ದಿನ ಹೆಸರಿಡುವುದು ಉತ್ತಮ, ಹುಟ್ಟಿದ ದಿನವೂ ಇಡಬಹುದು. ಪ್ರವಾದಿಯವರು ತಮ್ಮ ಮಗ ಇಬ್ರಾಹೀಮರಿಗೆ ಹುಟ್ಟಿದ ರಾತ್ರಿಯೇ ಇಟ್ಟರು. ಆದರೆ ಮನೆಯಲ್ಲಿ ಒಮ್ಮತವಾಗಿಲ್ಲದಿದ್ದರೆ, ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಕಾನೂನು ಅವಕಾಶ ಕೊಟ್ಟಿದೆ. ಪಾಸ್‌ಪೋರ್ಟ್ ಕಾಲಕ್ಕೆ ಹೆಸರು ತಿದ್ದಿಸಲು ಅಲೆದವರಿಗೆ ಇದರ ಬೆಲೆ ಗೊತ್ತು.

ಆ ಯುವಕನಿಗೆ ಬೇಡ ಎಂದು ನಾನು ಹೇಳಲಿಲ್ಲ. ಅರ್ಥ ಹೇಳಿದೆ. ಕರೆಯಲು ‘ರಿಝ್’ ಇಷ್ಟವಾದರೆ ‘ರಿಝ್ವಾನ್’ ಇದೆಯಲ್ಲ, ಅಲ್ಲಾಹನ ಸಂತೃಪ್ತಿ ಎಂಬ ಅರ್ಥದ್ದು, ಕುರ್‌ಆನಿನಲ್ಲಿ ಸ್ವರ್ಗದ ತೋಟಗಳಿಗಿಂತಲೂ ದೊಡ್ಡದೆಂದು ಬಂದಿರುವ ಪದ ಎಂದೆ. ಉಮ್ಮನ ಹತ್ತಿರ ಹೋಗಿ ಅಜ್ಜನ ಹೆಸರಿನ ಅರ್ಥವನ್ನೂ ಹೇಳು ಎಂದೆ. ಅವನು ಮಾತಾಡದೆ ಎದ್ದು ಹೋದ.

ಅಕೀಕಾದ ದಿನ ಹೋದೆ. ಮಗುವಿನ ತಲೆ ಬೋಳಿಸಿ ಆಗಿತ್ತು. ಹೆಸರು ಮುಹಿಯುದ್ದೀನ್ ರಿಝ್ವಾನ್. ತಂದೆ ‘ರಿಝು’ ಎನ್ನುತ್ತಿದ್ದ. ಅಜ್ಜಿ ಮಾತ್ರ ಮಡಿಲಲ್ಲಿಟ್ಟುಕೊಂಡು ‘ಮೊಯಿದೀ, ಮೊಯಿದೀ’ ಎಂದು ಕರೆಯುತ್ತಲೇ ಇದ್ದರು. ಮಗು ಎರಡಕ್ಕೂ ಕಣ್ಣು ಬಿಡಲಿಲ್ಲ.