ಒಂದು ಮೇಜು, ಎರಡು ಪರದೆ

(ಕಾಸರಗೋಡಿನ ಒಂದು ಕಲಿಕಾ ಕೇಂದ್ರದಲ್ಲಿ ಟೈಪಿಂಗ್ ಅಂಗಡಿಯ ಅಕ್ಕ ಆಡಿದ ಮಾತು)

ನಾನು ಟೈಪಿಂಗ್ ಅಂಗಡಿ ನಡೆಸುವವಳು. ಭಾಷಣ ಮಾಡಿ ಅಭ್ಯಾಸ ಇಲ್ಲ. ನಿಮ್ಮಲ್ಲಿ ಕೆಲವರು ಸೇರಿ ಟೈಪಿಂಗ್, ಜೆರಾಕ್ಸ್ ಅಂಗಡಿ ತೆರೆಯುವ ಯೋಚನೆ ಮಾಡಿದ್ದೀರಿ ಅಂತ ಕೇಳಿದೆ. ಒಂದೇ ಕಂಪ್ಯೂಟರಿಗೆ ಎರಡು ಪರದೆ ಇಡಬೇಕು ಅಂತಲೂ ಮಾತಾಡಿಕೊಂಡಿದ್ದೀರಂತೆ. ಒಳ್ಳೆಯದು. ಯಾವ ಪರದೆ ಕೊಳ್ಳಬೇಕು? ಅದನ್ನು ಹೇಗೆ ಇಡಬೇಕು? ಇವತ್ತು ಅದನ್ನೇ ಹೇಳುತ್ತೇನೆ.

ಅದಕ್ಕೆ ಮೊದಲು ನಾನು ಮಾಡಿದ ಒಂದು ತಪ್ಪು ಹೇಳಬೇಕು.

2019ರಲ್ಲಿ ಒಬ್ಬ ಅಮ್ಮ ನನ್ನ ಅಂಗಡಿಗೆ ಬಂದರು. ವೃದ್ಧಾಪ್ಯ ಪಿಂಚಣಿಗೆ ಅರ್ಜಿ ತುಂಬಿಸಬೇಕಿತ್ತು. ಅವರ ಕಾಗದ ಕನ್ನಡದಲ್ಲಿತ್ತು. ಅರ್ಜಿಯ ನಮೂನೆ ಮಲಯಾಳದಲ್ಲಿತ್ತು. ಆಗ ನನ್ನ ಹತ್ತಿರ ಇದ್ದದ್ದು ಒಂದೇ ಪರದೆ. ಅದು ನನ್ನ ಕಡೆಗೆ ತಿರುಗಿತ್ತು. ಅಮ್ಮನಿಗೆ ಕಾಣುತ್ತಿದ್ದದ್ದು ಅದರ ಬೆನ್ನು ಮಾತ್ರ. ಅಂಗಡಿಯಲ್ಲಿ ಜನ ತುಂಬಿದ್ದರು. ನಾನು ಅವಸರದಲ್ಲಿ ಹುಟ್ಟಿದ ವರ್ಷ 1958 ಅಂತ ಹೊಡೆಯುವ ಬದಲು 1985 ಅಂತ ಹೊಡೆದೆ. ಅರ್ಜಿ ತಿರುಗಿ ಬಂತು. ಪಿಂಚಣಿಗೆ 60 ವರ್ಷ ಆಗಿರಬೇಕು. 1985ರಲ್ಲಿ ಹುಟ್ಟಿದವರಿಗೆ ಕೊಡ್ತಾರಾ? ಸರಿ ಮಾಡಿಸಲಿಕ್ಕೆ ಆ ಅಮ್ಮ ಕೂಲಿ ಬಿಟ್ಟು ನಾಲ್ಕು ಸಲ ಬಸ್ ಹತ್ತಿದರು.

ಅವರು ನನ್ನನ್ನು ಬೈಯಲಿಲ್ಲ. ಒಂದೇ ಮಾತು ಹೇಳಿದರು. "ಮಗಳೇ, ನಾನು ಸಾಕ್ಷರತಾ ಕ್ಲಾಸಿಗೆ ಹೋದವಳು. ಮಲಯಾಳ ಅಕ್ಷರ ನನಗೆ ಗೊತ್ತಿಲ್ಲ. ಆದರೆ ಅಂಕಿ ಎಲ್ಲಾ ಕಡೆ ಒಂದೇ ಅಲ್ವಾ? ನೀನು ತೋರಿಸಿದ್ದರೆ ನಾನೇ ಹೇಳ್ತಿದ್ದೆ."

ಆ ಮಾತು ನನಗೆ ತಾಗಿತು. ಓದಲಿಕ್ಕೆ ಬರುವವರಿಗೆ ನಾನು ಓದಲು ಬಿಡಲಿಲ್ಲ. ಎರಡನೆಯ ಪರದೆ ತಂದದ್ದು ಅದರ ನಂತರ. ಆದ್ದರಿಂದ ನನ್ನ ಮೊದಲ ಮಾತು ಇದು: ಒಂದು ಪರದೆ ಬೆರಳಚ್ಚು ಮಾಡುವವರಿಗೆ. ಇನ್ನೊಂದು ಪರದೆ ಕಾಗದ ತಂದವರಿಗೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿ.

ಮೇಜು ಅಳೆಯಿರಿ

ಪರದೆಯ ಅಳತೆಯನ್ನು ಇಂಚಿನಲ್ಲಿ ಹೇಳುತ್ತಾರೆ. ಅದು ಅಗಲದ ಅಳತೆ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಿಡಿದ ಅಳತೆ. 22 ಇಂಚಿನ ಪರದೆಯ ಅಗಲ ಸುಮಾರು 49 ಸೆಂಟಿಮೀಟರ್. 24 ಇಂಚಿನದು ಸುಮಾರು 53 ಸೆಂಟಿಮೀಟರ್. 22 ಇಂಚಿನ ಎರಡು ಪರದೆ ಪಕ್ಕ ಪಕ್ಕ ಇಟ್ಟರೆ ಒಂದು ಮೀಟರ್ ಆಯಿತು. 4 ಅಡಿಯ ಮೇಜು ಎಂದರೆ 122 ಸೆಂಟಿಮೀಟರ್. ಅದರಲ್ಲಿ ಎರಡೂ ಹಿಡಿಯುತ್ತವೆ. ಕಾಗದ ಇಡಲಿಕ್ಕೂ ಜಾಗ ಬೇಕಲ್ಲ? ಟೇಪು ಹಿಡಿದು ಅಳೆದೇ ಹೊರಡಿ. ಸಣ್ಣ ಅಂಗಡಿಗೆ 22 ಇಂಚು ಸಾಕು.

ಅಕ್ಷರ ಓದಿ ನೋಡಿ

ದೊಡ್ಡ ಪರದೆ ಎಂದರೆ ಒಳ್ಳೆಯ ಪರದೆ ಅಂತ ತಿಳಿಯಬೇಡಿ. ಪರದೆಯ ಮೇಲೆ ಕಾಣುವ ಅಕ್ಷರ ಸಣ್ಣ ಸಣ್ಣ ಚುಕ್ಕೆಗಳಿಂದ ಆದದ್ದು. ನಮ್ಮ ರಂಗೋಲಿಯ ಹಾಗೆ. ಚುಕ್ಕೆ ಹತ್ತಿರ ಹತ್ತಿರ ಇದ್ದರೆ ಗೆರೆ ನಯವಾಗಿ ಬರುತ್ತದೆ.

ಪೆಟ್ಟಿಗೆಯ ಮೇಲೆ 1920, 1080 ಎಂಬ ಎರಡು ಅಂಕಿ ಇರುತ್ತದೆ. ಅಡ್ಡಕ್ಕೆ 1920 ಚುಕ್ಕೆ, ಉದ್ದಕ್ಕೆ 1080 ಚುಕ್ಕೆ ಎಂದು ಅರ್ಥ. ಇದಕ್ಕೆ ಫುಲ್ ಎಚ್‌ಡಿ ಎನ್ನುತ್ತಾರೆ. ಗುಣಿಸಿ ನೋಡಿ, 20 ಲಕ್ಷ 73 ಸಾವಿರ ಚುಕ್ಕೆ ದಾಟುತ್ತದೆ. ಕೆಲವು ಕಡಿಮೆ ಬೆಲೆಯ ಪರದೆಗಳಲ್ಲಿ 1366, 768 ಎಂದು ಇರುತ್ತದೆ. ಅದರಲ್ಲಿ ಇರುವುದು 10 ಲಕ್ಷ 49 ಸಾವಿರ. ಹೆಚ್ಚು ಕಡಿಮೆ ಅರ್ಧ. ಇನ್ನೊಂದು ವಿಷಯ ಉಂಟು. 27 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿಯೂ ಚುಕ್ಕೆ ಅಷ್ಟೇ ಇರುವುದು. ಅಷ್ಟೇ ಚುಕ್ಕೆ ದೊಡ್ಡ ಜಾಗದಲ್ಲಿ ಹರಡಿದಾಗ ಹತ್ತಿರ ಕೂತವರಿಗೆ ಅಕ್ಷರ ಒರಟಾಗಿ ಕಾಣುತ್ತದೆ.

ನಮ್ಮ ಕನ್ನಡಕ್ಕೆ ಇದು ಮುಖ್ಯ. ದ ಮತ್ತು ಧ ನೋಡಿ. ಪ ಮತ್ತು ಫ ನೋಡಿ. ಒಂದು ಸಣ್ಣ ಗೆರೆಯಲ್ಲಿ ಅಕ್ಷರವೇ ಬೇರೆ ಆಗುತ್ತದೆ. ಒತ್ತಕ್ಷರ ಇನ್ನೂ ಸಣ್ಣದು. ಆದ್ದರಿಂದ ಅಂಗಡಿಯಲ್ಲಿ ಅವರು ತೋರಿಸುವ ಹೂವಿನ ಚಿತ್ರ, ಸಿನೆಮಾ ನೋಡಿ ಮರುಳಾಗಬೇಡಿ. "ಲಕ್ಷ್ಮೀ, ಕೃಷ್ಣ, ಮಂಜೇಶ್ವರ ಅಂತ ಸಣ್ಣ ಅಕ್ಷರದಲ್ಲಿ ಹೊಡೆದು ತೋರಿಸಿ" ಎಂದು ಕೇಳಿ. ಒತ್ತು ಸರಿಯಾಗಿ ಕಂಡಿತಾ? ಹಾಗಾದರೆ ಆ ಪರದೆ ಆದೀತು.

ಬದಿಯಿಂದ ನೋಡಿ

ಎರಡನೆಯ ಪರದೆಯನ್ನು ನೀವು ಒಂದು ಬದಿಯಿಂದ ನೋಡುತ್ತೀರಿ. ಬಂದವರು ಇನ್ನೊಂದು ಬದಿಯಿಂದ ನೋಡುತ್ತಾರೆ. ಕೆಲವು ಪರದೆ ಎದುರಿನಿಂದ ಚೆಂದ. ಬದಿಯಿಂದ ನೋಡಿದರೆ ಬಣ್ಣ ಮಂಕಾಗಿ ಅಕ್ಷರ ತೇಲಿದ ಹಾಗೆ ಕಾಣುತ್ತದೆ. 'ಐಪಿಎಸ್' ಎಂಬ ಜಾತಿಯ ಪರದೆ ಬದಿಯಿಂದಲೂ ಚೆನ್ನಾಗಿ ಕಾಣುತ್ತದೆ. 'ಟಿಎನ್' ಎಂಬ ಜಾತಿಯದು ಅಷ್ಟು ಕಾಣುವುದಿಲ್ಲ. ಹೆಸರು ಕೇಳಿ. ಹೆಸರು ನಂಬಿ ಸುಮ್ಮನಿರಬೇಡಿ. ಎರಡು ಹೆಜ್ಜೆ ಬಲಕ್ಕೆ, ಎರಡು ಹೆಜ್ಜೆ ಎಡಕ್ಕೆ ನಿಂತು ಓದಿ. ಪರದೆಯ ಮೈ ಕನ್ನಡಿಯ ಹಾಗೆ ಹೊಳೆಯುವುದು ಬೇಡ. ಬಾಗಿಲಿನ ಬೆಳಕು ಅದರಲ್ಲಿ ಬಿದ್ದರೆ ಅಕ್ಷರ ಕಾಣುವುದಿಲ್ಲ.

ಹಳೆಯ ಪರದೆ ಒಂದು ಮನೆಯಲ್ಲಿ ಉಂಟಾ? ಅದನ್ನೂ ಹೀಗೆಯೇ ಪರೀಕ್ಷೆ ಮಾಡಿ. ಓದಲಿಕ್ಕೆ ಆದರೆ ಇನ್ನೊಂದು ಮಾತ್ರ ಕೊಂಡರೆ ಸಾಕು. ದುಡ್ಡು ಉಳಿಯಿತು.

ಕಂಪ್ಯೂಟರಿನ ಬೆನ್ನು ನೋಡಿ

ಇದನ್ನು ಮರೆತು ಮೋಸ ಹೋದವರು ಇದ್ದಾರೆ. ಎರಡು ಪರದೆಗೆ ಕಂಪ್ಯೂಟರಿನ ಹಿಂದೆ ಎರಡು ಕಿಂಡಿ ಬೇಕು. ಎಚ್‌ಡಿಎಂಐ ಎಂಬ ಚಪ್ಪಟೆ ಕಿಂಡಿ ಇರಬಹುದು. ಹಳೆಯದರಲ್ಲಿ ವಿಜಿಎ ಎಂಬ, 15 ತೂತಿನ ಕಿಂಡಿ ಇರುತ್ತದೆ. ಡಿಸ್‌ಪ್ಲೇ ಪೋರ್ಟ್ ಎಂಬುದೂ ಉಂಟು. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ. ಪರದೆಯಲ್ಲಿಯೂ ಅದೇ ಕಿಂಡಿ ಇರಬೇಕು. ಒಂದು ವಯರನ್ನು ಎರಡಾಗಿ ಸೀಳುವ ಸಣ್ಣ ಡಬ್ಬಿ ಮಾರುತ್ತಾರೆ. ಸಾಮಾನ್ಯವಾಗಿ ಅದರಿಂದ ಎರಡೂ ಕಡೆ ಒಂದೇ ಚಿತ್ರ ಬರುತ್ತದೆ. ನಮಗೆ ಬೇಕಾದದ್ದು ಬೇರೆ ಬೇರೆ ಚಿತ್ರ.

ಜೋಡಿಸಿದ ಮೇಲೆ ವಿಂಡೋಸ್ ಗುರುತಿನ ಕೀಲಿ ಹಿಡಿದು 'ಪಿ' ಒತ್ತಿ. 'ಡುಪ್ಲಿಕೇಟ್' ಎಂದರೆ ಎರಡರಲ್ಲಿಯೂ ಒಂದೇ. 'ಎಕ್ಸ್‌ಟೆಂಡ್' ಎಂದರೆ ಎರಡೂ ಬೇರೆ. ನೀವು ಎಕ್ಸ್‌ಟೆಂಡ್ ಇಡಿ. ಯಾಕೆ ಹೇಳಿ? ನಿಮ್ಮ ಪರದೆಯಲ್ಲಿ ಬೇರೆಯವರ ಆಧಾರ್, ಬ್ಯಾಂಕ್ ಲೆಕ್ಕ ಇರಬಹುದು. ಅದು ಎಲ್ಲರಿಗೂ ಕಾಣಬಾರದು. ಬಂದವರ ಅರ್ಜಿಯನ್ನು ಮಾತ್ರ ಮೌಸಿನಿಂದ ಎಳೆದು ಎರಡನೆಯ ಪರದೆಗೆ ತನ್ನಿ. ಆ ಪರದೆ ಸರದಿಯಲ್ಲಿ ನಿಂತವರ ಕಡೆಗೂ ತಿರುಗಿರಬಾರದು.

ಕುತ್ತಿಗೆ, ಕಣ್ಣು, ಕರೆಂಟು

ಪರದೆ ಒಂದು ಕೈ ಉದ್ದದಷ್ಟು ದೂರ ಇರಲಿ. ಅದರ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೇ ಸ್ವಲ್ಪ ಕೆಳಗೆ ಇರಲಿ. ಏರಿಸಿ ಇಳಿಸುವ ಕಾಲು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಟ್ಟಿ ಹಲಗೆ ಇಟ್ಟರೂ ಆಯಿತು. ಹೆಚ್ಚು ಹೊತ್ತು ನೋಡುವ ಪರದೆ ನಿಮ್ಮ ಎದುರಿಗೇ ಇರಲಿ. ದಿನವಿಡೀ ಕುತ್ತಿಗೆ ತಿರುಗಿಸಿ ಕೂತರೆ ರಾತ್ರಿ ನೋವು ತಪ್ಪದು. 20 ನಿಮಿಷಕ್ಕೆ ಒಮ್ಮೆ ಹೊರಗಿನ ತೆಂಗಿನ ಮರ ನೋಡಿ.

ಕರೆಂಟು ಹೋದಾಗ ಯುಪಿಎಸ್ ಮೇಲೆ ಎರಡು ಪರದೆ ಇದ್ದರೆ ಅದು ಬೇಗ ಖಾಲಿ ಆಗುತ್ತದೆ. ನಿಮ್ಮ ಪರದೆಯನ್ನು ಅದಕ್ಕೆ ಕೊಡಿ. ಗುಡುಗು ಸಿಡಿಲಿನ ದಿನ ಎಲ್ಲಾ ಪ್ಲಗ್ ಕಿತ್ತಿಡಿ.

ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ. ವಾರಂಟಿ ಎಷ್ಟು ವರ್ಷ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂದು ಬರೆಸಿಕೊಳ್ಳಿ. ಪರದೆ ಪೂರ್ತಿ ಬಿಳಿ ಮಾಡಿಸಿ ನೋಡಿ, ಆಮೇಲೆ ಪೂರ್ತಿ ಕಪ್ಪು. ಸತ್ತ ಚುಕ್ಕೆ ಇದ್ದರೆ ಅಲ್ಲೇ ಕಾಣುತ್ತದೆ.

ಕೊನೆಯ ಮಾತು

ಈಗ ನನ್ನ ಅಂಗಡಿಯಲ್ಲಿ ಒಂದು ನಿಯಮ ಉಂಟು. ಬಂದವರು ಪರದೆಯಲ್ಲಿ ಓದಿ "ಸರಿ" ಎನ್ನುವ ತನಕ ನಾನು ಅರ್ಜಿ ಕಳಿಸುವುದಿಲ್ಲ. ಓದುವಾಗ ಕೆಲವರು ನಿಧಾನ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಹಿಂದೆ ನಿಂತವರು ಅವಸರ ಮಾಡುತ್ತಾರೆ. ಮಾಡಲಿ. ಎರಡು ನಿಮಿಷ ಕಾದರೆ ನಾಲ್ಕು ಬಸ್ಸಿನ ಖರ್ಚು ಉಳಿಯುತ್ತದೆ.

ನಿಮ್ಮಲ್ಲಿ ಎಲ್ಲರೂ ಅಂಗಡಿ ಇಡುವವರಲ್ಲ. ಆದರೆ ಒಂದಲ್ಲ ಒಂದು ದಿನ ಎಲ್ಲರೂ ಇಂಥ ಮೇಜಿನ ಮುಂದೆ ನಿಲ್ಲುವವರೇ. ಆಗ ನಾಚಬೇಡಿ. "ಅಣ್ಣಾ, ಪರದೆ ಸ್ವಲ್ಪ ಈಚೆ ತಿರುಗಿಸಿ, ನಾನು ಓದಬೇಕು" ಎಂದು ಕೇಳಿ. ನಿಮ್ಮ ಹೆಸರು, ಹುಟ್ಟಿದ ದಿನ, ಮನೆ ನಂಬ್ರ, ಬ್ಯಾಂಕ್ ಖಾತೆಯ ಅಂಕಿ, ಈ ನಾಲ್ಕನ್ನು ಓದಿ.

ಅಂಗಡಿ ತೆರೆದ ದಿನ ನನ್ನನ್ನೂ ಕರೆಯಿರಿ. ನಾನು ಬಂದವರು ಕೂರುವ ಸ್ಟೂಲಿನಲ್ಲಿ ಕೂತು ಓದಿ ನೋಡುತ್ತೇನೆ.